ಹರಳಿನೊಳಗೆ ಅಡಗಿದ ಹಗೆ

ರೇಷ್ಮೆಹುಳು ಸಾಕುವ ಮನೆಗಳಲ್ಲಿ ‘ಹಾಲುತೊಂಡೆ’ ಎಂಬ ರೋಗದ ಹೆಸರು ಕೇಳಿದರೆ ಸಾಕು, ರೈತನ ಎದೆ ನಡುಗುತ್ತದೆ. ಗೂಡು ಕಟ್ಟಬೇಕಾದ ಹುಳು ಊದಿಕೊಂಡು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ. ಚರ್ಮ ಒಡೆದು ಹಾಲಿನಂಥ ದ್ರವ ಸೋರುತ್ತದೆ. ಆ ದ್ರವ ಸೋಕಿದ ಸೊಪ್ಪನ್ನು ತಿಂದ ಹುಳುಗಳಿಗೂ ರೋಗ ಹರಡುತ್ತದೆ. ಈ ಬಿಳುಪಿನಲ್ಲಿ ಇರುವುದಾದರೂ ಏನು?

19ನೆಯ ಶತಮಾನದ ನಡುವಿನಲ್ಲಿಯೇ ಇಟಲಿಯ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿ, ಹಲವು ಮುಖಗಳುಳ್ಳ ಸಣ್ಣ ಹರಳುಗಳನ್ನು ಕಂಡಿದ್ದರು. ಆದರೆ ಹರಳೇ ರೋಗಕಾರಕವೋ ಅಥವಾ ರೋಗದ ಫಲವೋ ಎಂಬುದು ಬಹುಕಾಲ ಬಗೆಹರಿಯಲಿಲ್ಲ. ಇದಕ್ಕೆ ಬೆಳಕಿನ ಸ್ವಭಾವವೇ ಅಡ್ಡಿ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 500 ನ್ಯಾನೊಮೀಟರು. ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಅದರಿಂದ ಸುಮಾರು 200 ನ್ಯಾನೊಮೀಟರಿಗಿಂತ ಸಣ್ಣ ವಿವರಗಳನ್ನು ಬೇರ್ಪಡಿಸಿ ನೋಡಲು ಹೊರಡುವುದು, ಗೇಣಿನಿಂದ ಸಾಸಿವೆಯನ್ನು ಅಳೆಯಲು ಹೊರಟಂತೆ.

1931ರಲ್ಲಿ ಬರ್ಲಿನ್ನಿನಲ್ಲಿ ಕ್ನೋಲ್ ಮತ್ತು ರುಸ್ಕ ಎಂಬವರು ಕಾಂತಸುರುಳಿಗಳನ್ನೇ ಮಸೂರಗಳನ್ನಾಗಿಸಿ ಎಲೆಕ್ಟ್ರಾನುಗಳಿಂದ ಬಿಂಬ ಪಡೆದರು. ಒಂದು ಲಕ್ಷ ವೋಲ್ಟುಗಳಲ್ಲಿ ಧಾವಿಸುವ ಎಲೆಕ್ಟ್ರಾನಿನ ಅಲೆಯುದ್ದ ಸುಮಾರು 0.004 ನ್ಯಾನೊಮೀಟರು ಮಾತ್ರ. 1947ರಲ್ಲಿ ಬೆರ್ಗೋಲ್ಡ್ ಎಂಬ ವಿಜ್ಞಾನಿ ಹರಳುಗಳನ್ನು ತೆಳು ಕ್ಷಾರದಲ್ಲಿ ಕರಗಿಸಿ ಈ ಯಂತ್ರದಿಂದ ಪರೀಕ್ಷಿಸಿದಾಗ, ಕಡ್ಡಿಯಾಕಾರದ ವೈರಸ್ಸುಗಳು ಕಂಡುಬಂದವು. ಹರಳು ವೈರಸ್ಸಲ್ಲ, ಅದನ್ನು ಅಡಗಿಸಿಟ್ಟ ಪ್ರೋಟೀನಿನ ಪೆಟ್ಟಿಗೆ!

ಜೀವಕೋಶದೊಳಗೆ ಇಣುಕಬೇಕಾದರೆ ಅದನ್ನು ರಾಳದಲ್ಲಿ ಗಟ್ಟಿಗೊಳಿಸಿ, ವಜ್ರದ ಅಲಗಿನಿಂದ ಸುಮಾರು 70 ನ್ಯಾನೊಮೀಟರು ದಪ್ಪದ ಹೋಳುಗಳಾಗಿ ಕೊಯ್ಯುತ್ತಾರೆ. ತಲೆಗೂದಲೊಂದರ ದಪ್ಪದಲ್ಲಿ ಇಂಥ ಸಾವಿರ ಹೋಳುಗಳು ಅಡಕವಾದಾವು. ಬಳಿಕ ಯುರೇನಿಯಂ, ಸೀಸಗಳ ಲವಣಗಳನ್ನು ಲೇಪಿಸುತ್ತಾರೆ. ಚಿತ್ರದಲ್ಲಿ ಕಾಣುವ ಕಪ್ಪು ವೈರಸ್ಸಿನ ಬಣ್ಣವಲ್ಲ. ಈ ಭಾರಲೋಹಗಳು ಎಲೆಕ್ಟ್ರಾನುಗಳನ್ನು ಚದರಿಸಿದ್ದರಿಂದ ಉಂಟಾದ ನೆರಳು. ಊದಿದ ಕೋಶಕೇಂದ್ರ, ಅದರ ನಡುವೆ ದಟ್ಟವಾದ ಜಾಲ, ಸುತ್ತಲೂ ಸುಮಾರು 300 ನ್ಯಾನೊಮೀಟರು ಉದ್ದದ ಕಡ್ಡಿಗಳು, ಅವುಗಳನ್ನು ನುಂಗುತ್ತ ಬೆಳೆಯುವ ಹರಳುಗಳು ಅಲ್ಲಿ ಗೋಚರಿಸುತ್ತವೆ.

ಆದರೆ ವಾಚಕರು ಒಂದನ್ನು ಮರೆಯಬಾರದು. ನಾವು ನೋಡುತ್ತಿರುವುದು ಸತ್ತ ಕೋಶವನ್ನು. ಆದುದರಿಂದ ಸೋಂಕು ತಗಲಿದ ಕೋಶಗಳನ್ನು ಬೇರೆ ಬೇರೆ ಗಂಟೆಗಳಲ್ಲಿ ಸ್ಥಿರಗೊಳಿಸಿ, ನಿಶ್ಚಲ ಚಿತ್ರಗಳನ್ನು ಸಾಲಾಗಿ ಜೋಡಿಸಿ, ನಡೆದ ಕಥೆಯನ್ನು ತರ್ಕದಿಂದ ಕಟ್ಟಬೇಕಾಗುತ್ತದೆ.

ಹೊರಗೆ ವೈರಸ್ಸನ್ನು ಕಾಪಾಡುವ ಈ ಪೆಟ್ಟಿಗೆ ಹುಳುವಿನ ಕ್ಷಾರಯುಕ್ತ ಕರುಳಿನಲ್ಲಿ ಕರಗಿ, ಹಗೆಯನ್ನು ಹೊರಬಿಡುತ್ತದೆ. ಸಾಕಣೆಮನೆಗೆ ಸೋಂಕುನಾಶಕದೊಡನೆ ಅರಳಿದ ಸುಣ್ಣವನ್ನು ಬಳಸುವುದರ ಗುಟ್ಟೂ ಇದೇ: ಹುಳುವಿನ ಹೊಟ್ಟೆ ಸೇರುವ ಮೊದಲೇ ಕ್ಷಾರವು ಪೆಟ್ಟಿಗೆಯನ್ನು ಒಡೆಯಲಿ ಎಂದು. ರೋಗ ಹಿಡಿದ ಹುಳುವನ್ನು ಉಳಿಸುವ ಮದ್ದಿಲ್ಲ. ಉಳಿದವನ್ನು ಕಾಯುವುದು ಶುಚಿತ್ವವೊಂದೇ.