ಕುಲುಮೆಯ ಮುಂದೆ ಕಲ್ಯಾಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ನಮ್ಮಲ್ಲಿ ಗಾದೆಯೇ ಇದೆ. ಚಪ್ಪರ, ಓಲಗ, ಬೀಗರ ಉಪಚಾರ ಅಂತ ತಿಂಗಳುಗಟ್ಟಲೆ ಒದ್ದಾಡುವ ನಮಗೆ, ರಸ್ತೆಬದಿಯಲ್ಲಿ ಕುದುರೆಗಾಡಿ ನಿಲ್ಲಿಸಿ ನಿಮಿಷಗಳಲ್ಲಿ ಮದುವೆ ಮುಗಿಸುವ ಊರೊಂದಿತ್ತು ಅಂದರೆ ನಂಬಿಕೆ ಬಂದೀತೇ? ಇಂಗ್ಲೆಂಡಿನ ಗಡಿ ದಾಟಿದೊಡನೆ ಸಿಗುವ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಅಂಥ ಊರು.

ಇದಕ್ಕೆ ಕಾರಣ 1753ರ ಒಂದು ಕಾಯಿದೆ. ಮದುವೆ ಚರ್ಚಿನಲ್ಲೇ ಆಗಬೇಕು, 21 ತುಂಬದವರ ಮದುವೆಯನ್ನು ಹೆತ್ತವರು ತಡೆಯಬಹುದು ಅಂತ ಇಂಗ್ಲೆಂಡ್ ಕಟ್ಟು ಮಾಡಿತು. ಸ್ಕಾಟ್ಲೆಂಡಿಗೆ ಅದು ಅನ್ವಯಿಸಲಿಲ್ಲ. ಅಲ್ಲಿ ಹುಡುಗನಿಗೆ 14, ಹುಡುಗಿಗೆ 12 ಆಗಿದ್ದರೆ ಸಾಕು. ಇಬ್ಬರು ಸಾಕ್ಷಿಗಳೆದುರು 'ನಾವು ಗಂಡ ಹೆಂಡತಿ' ಅಂದರೆ ಮದುವೆ ಆದಂತೆಯೇ! 1770ರ ದಶಕದಲ್ಲಿ ಸುಂಕದ ರಸ್ತೆ ಆದ ಮೇಲಂತೂ ಓಡಿಬಂದ ಜೋಡಿಗಳ ಗಾಡಿಗಳು ನೇರ ಇಲ್ಲಿಗೇ ಬಂದವು. ಕಮ್ಮಾರನ ಕುಲುಮೆಯೇ ಮಂಟಪ, ಕಾದ ಕಬ್ಬಿಣ ಬಡಿಯುವ ಅಡೆಗಲ್ಲೇ ಸಾಕ್ಷಿ. ಮದುವೆ ಮಾಡಿಸಿದವರಲ್ಲಿ ಬೇರೆ ಕಸುಬಿನವರೂ ಇದ್ದರು, ದಕ್ಷಿಣೆ ಸಿಕ್ಕರೆ ಆಯಿತು.

ಪ್ರೀತಿಸಿದವರಿಗೆ ಅನುಕೂಲವಾಯಿತಲ್ಲ ಅಂತೀರಾ? ಎಲೆನ್ ಟರ್ನರ್ ಕಥೆ ಕೇಳಿ. 1826ರಲ್ಲಿ ಆಕೆಗೆ 15 ವರ್ಷ, ಸಿರಿವಂತರ ಮಗಳು. ನಿನ್ನ ತಾಯಿಗೆ ಕಾಯಿಲೆ ಅಂತ ಸುಳ್ಳು ಹೇಳಿ ಎಡ್ವರ್ಡ್ ವೇಕ್‌ಫೀಲ್ಡ್ ಎಂಬಾತ ಶಾಲೆಯಿಂದ ಕರೆಸಿಕೊಂಡ. ಆಮೇಲೆ, ನಿನ್ನ ತಂದೆ ದಿವಾಳಿ, ನನ್ನನ್ನು ಮದುವೆಯಾದರೆ ಅವರು ಉಳಿದಾರು ಅಂದ. ಪಾಪ, ಆ ಮಗು ಅಪ್ಪನಿಗಾಗಿ ಒಪ್ಪಿತು. ಗ್ರೆಟ್ನಾದಲ್ಲಿ ಮದುವೆ ಮುಗಿಸಿ ಫ್ರಾನ್ಸಿಗೆ ಕರೆದೊಯ್ದವನನ್ನು ಆಕೆಯ ಕಡೆಯವರು ಹುಡುಕಿ ಹಿಡಿದರು. ಅವನಿಗೆ 3 ವರ್ಷ ಜೈಲಾಯಿತು, 1827ರಲ್ಲಿ ಪಾರ್ಲಿಮೆಂಟೇ ಆ ಮದುವೆ ರದ್ದು ಮಾಡಿತು. ದುಡ್ಡಿದ್ದವರ ಮಗಳು, ಪಾರಾದಳು. ಬಡವರ ಮಗಳಾಗಿದ್ದರೆ?

ಮುಂದೆ ಬಿಗಿ ಬಂತು. ಜೋಡಿಯಲ್ಲಿ ಒಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ಇದ್ದಿರಬೇಕು ಅಂತ 1856ರಲ್ಲಿ, ಇಬ್ಬರಿಗೂ 16 ತುಂಬಿರಬೇಕು ಅಂತ 1929ರಲ್ಲಿ ಕಾನೂನಾಯಿತು. 1940ರ ಜುಲೈಯಿಂದ ಬರೀ ಬಾಯಿಮಾತಿನ ಮದುವೆಯೇ ನಿಂತಿತು. ಈಗಲೂ ಜೋಡಿಗಳು ಅಡೆಗಲ್ಲಿನ ಮುಂದೆ ನಿಲ್ಲುತ್ತಾರೆ, ಆದರೆ ಮೊದಲೇ ನೋಟೀಸು ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ.

ನಮ್ಮ ಶಕುಂತಲೆಯನ್ನೇ ನೋಡಿ. ಗಾಂಧರ್ವ ವಿವಾಹಕ್ಕೆ ಇದ್ದದ್ದು ಒಂದು ಉಂಗುರ. ಅದು ನೀರುಪಾಲಾದಾಗ ತುಂಬಿದ ಸಭೆಯಲ್ಲಿ ಅವಳ ಮಾತಿಗೆ ಬೆಲೆಯೇ ಇಲ್ಲದಾಯಿತು. ಮದುವೆ ಮರದ ಕೆಳಗಾಗಲಿ, ಛತ್ರದಲ್ಲಾಗಲಿ, ಹೆಣ್ಣಿಗೆ ಮೂರು ಬೇಕು: ತುಂಬಿದ ವಯಸ್ಸು, ಮನಸಾರೆ ಒಪ್ಪಿಗೆ, ಕೈಯಲ್ಲೊಂದು ಕಾಗದ. ನಿಮ್ಮ ಮಗಳಿಗೆ 18 ತುಂಬಿದೆಯೇ, ಹುಡುಗನಿಗೆ 21? ಮಗಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿದ್ದೀರಾ? ಸೀರೆ, ಒಡವೆಯ ಗಡಿಬಿಡಿಯಲ್ಲಿ ರಿಜಿಸ್ಟ್ರಾರ್ ಕಚೇರಿಯನ್ನು ಮರೆಯಬೇಡಿ. ಆ ಸರ್ಟಿಫಿಕೇಟನ್ನು ತಾಳಿಯಷ್ಟೇ ಜೋಪಾನ ಮಾಡಲು ಹೇಳಿ.