ಮಳೆ ಅಲ್ಲಿ, ನೀರು ಇಲ್ಲಿ

ಯುಗಾದಿ ಕಳೆದು ಬಿಸಿಲು ಬಲಿಯಿತೆಂದರೆ ಚಂದಕವಾಡಿ ಸೀಮೆಯ ರೈತನ ಕಣ್ಣು ಬೆಟ್ಟದ ಕಡೆ ಹೊರಳುತ್ತದೆ. ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಉಂಡು ಏಳುವ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದ ನೆತ್ತಿಯ ಮೇಲೆ ಅರಳೆಯಂಥ ಮೋಡ ಕಾಣಿಸಿಕೊಳ್ಳುತ್ತದೆ. ಮೂರು ನಾಲ್ಕು ಗಂಟೆಗೆ ಅದೇ ಮೋಡ ಕಪ್ಪಿಟ್ಟು, ಮೊದಲು ತಣ್ಣನೆಯ ಗಾಳಿ, ಹಿಂದೆಯೇ ಧೂಳು, ಆಮೇಲೆ ಗುಡುಗು, ಕೊನೆಗೆ ಮಳೆ.

ಈ ಮಳೆಗಾಗಿ ನಾವು ಕಾದಿರುತ್ತೇವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನೈರುತ್ಯ ಮಾರುತದ ದಾರಿಗೆ ಪಶ್ಚಿಮ ಘಟ್ಟವೂ ನೀಲಗಿರಿಯೂ ಅಡ್ಡ ನಿಂತಿರುವುದರಿಂದ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಮಳೆಯ ನೆರಳಿನಲ್ಲಿವೆ. ಇಲ್ಲಿ ಜೂನ್, ಜುಲೈಗಿಂತ ಮೇ ತಿಂಗಳ ಮಳೆಯೇ ಹೆಚ್ಚು. ಮತ್ತೆ ಕೈ ಹಿಡಿಯುವುದು ಅಕ್ಟೋಬರಿನ ಮಳೆ. ಜೋಳ, ಸೂರ್ಯಕಾಂತಿಯ ಬಿತ್ತನೆ ಈ ಗುಡುಗುಮಳೆಯನ್ನು ನಂಬಿಕೊಂಡಿದೆ. ಆದರೆ ಬೀಜಕ್ಕೆ ಹದ ಕೊಡುವ ಮಳೆಯೇ ಗೊನೆ ಬಿಟ್ಟ ಬಾಳೆಯ ತೋಟವನ್ನು ಗಾಳಿಗೆ ಮಲಗಿಸುತ್ತದೆ. ಒಣಗಿದ ಹಳ್ಳವನ್ನು ಅರೆಗಳಿಗೆಯಲ್ಲಿ ಹೊಳೆ ಮಾಡುತ್ತದೆ. ಅದು ಹೇಗೆಂದು ತಿಳಿದಿದ್ದರೆ ಪ್ರಾಣ ಉಳಿಸಿಕೊಳ್ಳಬಹುದು.

ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿಗಾಳಿ ಹಗುರ, ಮೇಲೇರುತ್ತದೆ. ಕಡಲಿನಿಂದ ಬಂದ ತೇವ ಅದರಲ್ಲಿದ್ದರೆ, ಮೇಲೆ ಹೋದಂತೆ ತಣಿದು ಹನಿಗಟ್ಟುತ್ತದೆ. ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ. ಹೀಗೆ ಬೆಳೆಯುವ ಮೋಡ 12 ಕಿಲೋಮೀಟರಿಗೂ ಮೀರಿ ಎತ್ತರವಾಗುವುದುಂಟು. ಅದರೊಳಗೆ ಮಂಜಿನ ಹರಳುಗಳು ತಾಕಲಾಡಿ ವಿದ್ಯುತ್ತು ಕೂಡುತ್ತದೆ. ಹೊತ್ತ ಭಾರ ತಾಳಲಾರದಾದಾಗ ಮಳೆಯೂ ತಣ್ಣನೆಯ ಗಾಳಿಯೂ ಒಟ್ಟಿಗೆ ಕೆಳಗೆ ಬೀಳುತ್ತವೆ. ಮಳೆಗೆ ಮುಂಚೆ ಮುಖಕ್ಕೆ ರಾಚುವ ತಂಗಾಳಿ ಇದೇ. ಬಾಳೆ ಮುರಿಯುವುದೂ ಇದೇ.

ಇಂಥ ಮೋಡ ಇಡೀ ಸೀಮೆಗೆ ಸುರಿಯುವುದಿಲ್ಲ. ಒಂದೂರಿನಲ್ಲಿ ಕೆರೆ ಕೋಡಿ ಬಿದ್ದರೆ ಪಕ್ಕದೂರಿನಲ್ಲಿ ಅಂಗಳವೂ ನೆನೆದಿರುವುದಿಲ್ಲ. ಅಪಾಯದ ಗುಟ್ಟು ಇರುವುದು ಇಲ್ಲಿಯೇ. ಒಂದು ಲೆಕ್ಕ ಹಾಕಿ ನೋಡೋಣ. ಗುಡ್ಡದ 4 ಚದರ ಕಿಲೋಮೀಟರು ಇಳಿಜಾರಿನ ಮೇಲೆ 50 ಮಿಲಿಮೀಟರು ಮಳೆ ಬಿತ್ತೆನ್ನಿ. ಅದು 20 ಕೋಟಿ ಲೀಟರು ನೀರು. ಬೇಸಿಗೆಯಲ್ಲಿ ಬರಿದಾದ ನೆಲದ ಮೇಲೆ ದಪ್ಪ ಹನಿಗಳು ಬಡಿದು ಮಣ್ಣಿನ ಬಾಯಿ ಮುಚ್ಚಿಕೊಳ್ಳುತ್ತದೆ; ನೀರು ಇಂಗದೆ ಜಾರುತ್ತದೆ. ಅರ್ಧ ಇಂಗಿ, ಉಳಿದರ್ಧ ಒಂದು ಗಂಟೆಯಲ್ಲಿ ಒಂದೇ ಹಳ್ಳಕ್ಕೆ ಇಳಿದರೂ ಸೆಕೆಂಡಿಗೆ ಸುಮಾರು 28 ಸಾವಿರ ಲೀಟರು ಹರಿಯಬೇಕು. ಹಳ್ಳದ ದಾರಿಯನ್ನು ಒತ್ತಿ ಹೊಲ ಮಾಡಿದ್ದರೆ, ಕೆರೆ ಹೂಳು ತುಂಬಿದ್ದರೆ, ಆ ನೀರು ತನ್ನ ದಾರಿಯನ್ನು ಊರೊಳಗೇ ಹುಡುಕಿಕೊಳ್ಳುತ್ತದೆ.

ಸುವರ್ಣಾವತಿಗೂ ಚಿಕ್ಕಹೊಳೆಗೂ ಅಣೆಕಟ್ಟುಗಳಿವೆ. ನೀರಿನ ಮಟ್ಟ ನೋಡಿ ಎಚ್ಚರಿಸುವವರಿದ್ದಾರೆ. ಹೆಸರಿಲ್ಲದ ಹಳ್ಳಗಳಿಗೆ ಆ ಭಾಗ್ಯವಿಲ್ಲ. ವರ್ಷದ ಹೆಚ್ಚು ದಿನ ಅವು ದನ ಹೊಡೆಯುವ ದಾರಿ, ಮಕ್ಕಳ ಆಟದ ಮರಳು. ನೆತ್ತಿಯ ಮೇಲೆ ಬಿಸಿಲಿದ್ದಾಗಲೇ ಮೇಲಿನ ಗುಡ್ಡದ ನೀರು ಅಲ್ಲಿಗೆ ಬಂದುಬಿಡಬಹುದು.

ಅರಬರ ನಾಡಿನಲ್ಲಿ ಇಂಥ ಒಣಹಳ್ಳಕ್ಕೆ 'ವಾಡಿ' ಎಂದೇ ಹೆಸರು. ನಮ್ಮ ಚಂದಕವಾಡಿಯ ವಾಡಿಗೂ ಅದಕ್ಕೂ ನಂಟಿಲ್ಲ. ಆದರೆ ಪಾಠ ಒಂದೇ. 2024ರ ಏಪ್ರಿಲಿನಲ್ಲಿ ಒಮಾನ್ ದೇಶದಲ್ಲಿ ಶಾಲೆಯ ಮಕ್ಕಳಿದ್ದ ವಾಹನವೊಂದು ವಾಡಿಯ ಪ್ರವಾಹಕ್ಕೆ ಸಿಕ್ಕಿತು. ಹಲವು ಮಕ್ಕಳು ಮನೆಗೆ ಮರಳಲಿಲ್ಲ. ಮರುಭೂಮಿಯಲ್ಲಿ ನೀರಿನ ಭಯವೆಂದರೆ ನಗುವವರು ಇದನ್ನು ನೆನೆಯಬೇಕು.

ಮುನ್ಸೂಚನೆಯೇ ಇಲ್ಲವೆ? ಉಂಟು. ಮೀಡಿಯಂ ವೇವ್ ರೇಡಿಯೋ ಕೇಳುವವರಿಗೆ ಬೇಸಿಗೆಯ ಸಂಜೆಯ ಕರಕರ ಸದ್ದು ಹಳೆಯ ಪರಿಚಯ. ಪ್ರತಿ ಮಿಂಚೂ ರೇಡಿಯೋ ಅಲೆಗಳನ್ನು ಹೊರಡಿಸುತ್ತದೆ; ನಮ್ಮ ಪೆಟ್ಟಿಗೆ ಅದನ್ನು ಹಿಡಿಯುತ್ತದೆ. ರಷ್ಯದ ವಿಜ್ಞಾನಿ ಪೊಪೊವ್ 1895ರಲ್ಲಿಯೇ ಇದೇ ತತ್ತ್ವದ ಮೇಲೆ ದೂರದ ಮಿಂಚನ್ನು ಗುರುತಿಸುವ ಉಪಕರಣ ಮಾಡಿದ್ದ. ಇಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಮೊಬೈಲಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುವುದರ ಹಿಂದೆಯೂ ಮಿಂಚಿನ ಅಲೆಗಳನ್ನು ಹಿಡಿಯುವ ಕೇಂದ್ರಗಳಿವೆ. ಕರಕರ ಸದ್ದು ಬಹು ದೂರದ ಮಿಂಚಿನದೂ ಆಗಿರಬಹುದು. ಆದರೂ ಅದು ಒತ್ತೊತ್ತಾಗಿ, ಜೋರಾಗಿ ಬರತೊಡಗಿದರೆ ಎದ್ದು ಬೆಟ್ಟದ ಕಡೆ ನೋಡುವುದು ಲೇಸು.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ದೂರ. ಮೂವತ್ತಕ್ಕೆ ಮೊದಲೇ ಗುಡುಗು ಕೇಳಿದರೆ ಹೊಲ ಬಿಟ್ಟು ಗಟ್ಟಿ ಮನೆ ಸೇರಿ. ಹುಣಸೆಮರದ ಅಡಿ ಬೇಡ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬೇಡಿ. ಬೆಟ್ಟದ ಮೇಲೆ ಕಪ್ಪು ಕವಿದಿದ್ದರೆ ದನಕರುಗಳನ್ನು ಹಳ್ಳದಿಂದ ಈಚೆಗೆ ಹೊಡೆದುಕೊಳ್ಳಿ. ತಿಳಿನೀರು ಕೆಂಪಾಯಿತು, ಕಸಕಡ್ಡಿ ತೇಲಿಬಂತು, ಮೇಲಿನಿಂದ ಮೊರೆತ ಕೇಳಿಸಿತು ಎಂದರೆ ಚೀಲ, ಚಪ್ಪಲಿ ನೋಡದೆ ದಡ ಹತ್ತಬೇಕು. ರಸ್ತೆಯ ಮೇಲೆ ಹರಿಯುವ ನೀರು ಮೊಣಕಾಲಿಗೂ ಬಂದಿಲ್ಲವೆಂದು ಧೈರ್ಯ ಮಾಡಬೇಡಿ. ರಭಸದ ನೀರು ಅರ್ಧ ಅಡಿಯಿದ್ದರೆ ಆಳನ್ನು ಕೆಡವೀತು. ಎರಡು ಅಡಿಯಿದ್ದರೆ ಕಾರನ್ನೇ ಒಯ್ದೀತು. ಕೆಳಗಿನ ರಸ್ತೆ ಕೊಚ್ಚಿಹೋಗಿದ್ದರೂ ಕೆಂಪು ನೀರಿನಲ್ಲಿ ಕಾಣದು.

ಗುಡುಗುಮಳೆಯ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ. ಒಂದೆರಡು ಗಂಟೆ ಈ ದಡದಲ್ಲಿ ಕೂತರೆ ಸಂಜೆಯ ಊಟ ತಡವಾಗಬಹುದು, ಅಷ್ಟೆ. ಮನೆಯವರು ಕಾದಿರುತ್ತಾರೆ, ಕಾಯಲಿ. ತಡವಾಗಿಯಾದರೂ ಮನೆ ಸೇರಿದವನೇ ಮರುದಿನ ಹದವಾದ ನೆಲಕ್ಕೆ ನೇಗಿಲು ಹೂಡುವವನು.