ಲಾರಿ ಮಾಲೀಕನದ್ದು, ಅದರ ಕಂಪ್ಯೂಟರಿನ ಬೀಗದ ಕೈ ಯಾರದ್ದು?

ಲೋಡ್ ತುಂಬಿಕೊಂಡು ಹೊರಟ ಎಂಟು ವರ್ಷ ಹಳೆಯ ಲಾರಿಯೊಂದು ಹೆದ್ದಾರಿ ಬದಿಯಲ್ಲಿ ನಿಂತುಬಿಡುತ್ತದೆ ಅಂದುಕೊಳ್ಳಿ. ಟ್ಯಾಂಕಿನಲ್ಲಿ ಡೀಸೆಲ್ ಇದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗಲ್ಲ. ಹತ್ತಿರದ ಗ್ಯಾರೇಜಿನವರು ಬಂದು ನೋಡಿ ಹೇಳುವ ಮಾತು: "ಕಂಪ್ಯೂಟರ್ ಹೋಗಿದೆ ಅನ್ಸುತ್ತೆ, ಶೋರೂಮಿಗೇ ಹೋಗ್ಬೇಕು."

ಈ ಮಾತಿನ ಮೊದಲರ್ಧ ಎಷ್ಟೋ ಸಲ ತಪ್ಪಿರುತ್ತದೆ. ಉಳಿದರ್ಧ ಸರಿಯೇ ಇರುತ್ತದೆ, ಆದರೆ ಅದು ಹಾಗೇ ಇರಬೇಕೆಂದು ಯಾವ ವಿಜ್ಞಾನವೂ ಹೇಳಿಲ್ಲ. ಅದು ಕಂಪನಿಗಳು ಮಾಡಿಕೊಂಡ, ಸರ್ಕಾರಗಳು ಸುಮ್ಮನೆ ನೋಡುತ್ತಿರುವ ವ್ಯವಸ್ಥೆ. ಅದಕ್ಕೇ ಇದು ಗ್ಯಾರೇಜಿನ ವಿಷಯವಷ್ಟೇ ಅಲ್ಲ, ರಾಜಕೀಯದ ವಿಷಯವೂ ಹೌದು.

ಲಾರಿಯೊಳಗೆ ಕಂಪ್ಯೂಟರ್ ಯಾಕೆ ಬಂತು?

ಹಳೆಯ ಲಾರಿಗಳಲ್ಲಿ ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ. ಸ್ಪ್ಯಾನರ್, ಅನುಭವ, ಕಿವಿ ಇದ್ದರೆ ಸಾಕು, ರಸ್ತೆ ಬದಿಯಲ್ಲೇ ರಿಪೇರಿ ಆಗುತ್ತಿತ್ತು. 2017ರ ಏಪ್ರಿಲ್ 1ರಿಂದ ಬಿಎಸ್-4 ಮಾಲಿನ್ಯ ನಿಯಮ ದೇಶದಾದ್ಯಂತ ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ನೇರವಾಗಿ ಬಿಎಸ್-6 ಬಂತು. ಇದರ ಜೊತೆಗೇ ಕಾಮನ್ ರೈಲ್ ಎಂಜಿನ್ ಲಾರಿಗಳಲ್ಲಿ ವ್ಯಾಪಕವಾಯಿತು.

ಕಾಮನ್ ರೈಲ್‌ನಲ್ಲಿ ಡೀಸೆಲ್ ಒಂದು ಕೊಳವೆಯಲ್ಲಿ ಸಾವಿರ ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ಕಾಯುತ್ತಿರುತ್ತದೆ. ಅಂದರೆ ಲಾರಿ ಟೈರಿನ ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಯಾವ ಇಂಜೆಕ್ಟರ್ ಯಾವಾಗ, ಎಷ್ಟು ಹೊತ್ತು ತೆರೆಯಬೇಕು ಅನ್ನುವುದನ್ನು ಎಂಜಿನ್ ಕಂಪ್ಯೂಟರ್ ತೀರ್ಮಾನಿಸುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಇದಕ್ಕೆ ಇಸಿಎಂ ಅಥವಾ ಇಸಿಯು ಎನ್ನುತ್ತಾರೆ. ಕ್ರ್ಯಾಂಕ್ ಎಲ್ಲಿದೆ, ರೈಲಿನಲ್ಲಿ ಒತ್ತಡ ಎಷ್ಟಿದೆ, ನೀರು ಎಷ್ಟು ಬಿಸಿಯಾಗಿದೆ, ಡ್ರೈವರ್ ಆಕ್ಸಿಲರೇಟರ್ ಎಷ್ಟು ಒತ್ತಿದ್ದಾರೆ ಎಂಬುದೆಲ್ಲ ಸೆನ್ಸರ್‌ಗಳ ಮೂಲಕ ಅದಕ್ಕೆ ತಿಳಿಯುತ್ತದೆ. ಇದರಿಂದ ಹೊಗೆ ಕಡಿಮೆಯಾಗಿದೆ, ಅದು ಒಳ್ಳೆಯದೇ. ಯಾರೂ ಕರಿಹೊಗೆಯ ಕಾಲಕ್ಕೆ ವಾಪಸ್ ಹೋಗೋಣ ಅನ್ನುತ್ತಿಲ್ಲ.

ನಿಜಕ್ಕೂ ಕೆಟ್ಟಿದ್ದು ಕಂಪ್ಯೂಟರೇ?

ಬಿಸಿ, ಅಲುಗಾಟ, ನೀರು ಈ ಮೂರೂ ಇಸಿಎಂನ ಶತ್ರುಗಳು. ವರ್ಷಗಟ್ಟಲೆ ಕುಲುಕಾಡಿ ಬೋರ್ಡಿನ ಬೆಸುಗೆ ಬಿರುಕು ಬಿಡುತ್ತದೆ, ಕೆಪಾಸಿಟರ್ ಒಣಗುತ್ತದೆ, ಕನೆಕ್ಟರಿನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಇನ್ನು ಕೆಲವು ನಾವೇ ಮಾಡುವ ಅನಾಹುತ. ಬ್ಯಾಟರಿ ಟರ್ಮಿನಲ್ ಮತ್ತು ಇಸಿಎಂ ಕನೆಕ್ಟರ್ ಬಿಚ್ಚದೆ ಚಾಸಿಗೆ ವೆಲ್ಡಿಂಗ್ ಮಾಡಿಸುವುದು, ಬೇರೆ ಗಾಡಿಯಿಂದ ಕರೆಂಟ್ ಕೊಡುವಾಗ ಪ್ಲಸ್–ಮೈನಸ್ ಅದಲು ಬದಲು ಮಾಡುವುದು.

ಆದರೂ ಪೆಟ್ಟಿಗೆ ಬದಲಿಸುವ ಮೊದಲು ಅದಕ್ಕೆ ಹೋಗುವ ವೈರ್‌ಗಳನ್ನು ನೋಡಬೇಕು. ಮೊದಲು ಫ್ಯೂಸ್, ರಿಲೇ, ಅರ್ಥಿಂಗ್. ಮಲ್ಟಿಮೀಟರ್ 24 ವೋಲ್ಟ್ ತೋರಿಸಿದ ಮಾತ್ರಕ್ಕೆ ನಂಬಬಾರದು. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 24 ತೋರಿಸುತ್ತದೆ. ಅದೇ ವೈರಿಗೆ 24 ವೋಲ್ಟಿನ ಹೆಡ್‌ಲೈಟ್ ಬಲ್ಬ್ ಕಟ್ಟಿ ನೋಡಿದರೆ ಬಂಡವಾಳ ಗೊತ್ತಾಗುತ್ತದೆ: ಬಲ್ಬ್ ಮಂಕಾಗಿ ಉರಿದರೆ ತೊಂದರೆ ಇರುವುದು ವೈರಿಂಗ್‌ನಲ್ಲಿ.

ಇನ್ನೊಂದು ವಿಚಾರ. ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಶಾರ್ಟ್ ಆದರೆ ಅದೇ ಲೈನಿನ ಉಳಿದ ಸೆನ್ಸರ್‌ಗಳೂ ಸತ್ತಂತೆ ಕಾಣುತ್ತವೆ, ಕಂಪ್ಯೂಟರೇ ಹೋಯಿತು ಅನಿಸುತ್ತದೆ. ಸೆನ್ಸರ್‌ಗಳ ಕನೆಕ್ಟರ್ ಒಂದೊಂದೇ ಬಿಚ್ಚುತ್ತಾ ಹೋದಾಗ 5 ವೋಲ್ಟ್ ವಾಪಸ್ ಬಂದರೆ, ಕೊನೆಗೆ ಬಿಚ್ಚಿದ್ದೇ ಕಳ್ಳ. ಮೂಲ ಕಾರಣ ಹುಡುಕದೆ ಹೊಸ ಇಸಿಎಂ ಹಾಕಿದರೆ ಅದೂ ಸುಡಬಹುದು.

ಕೆಟ್ಟಿದ್ದೇ ಖಚಿತವಾದರೆ ಮೂರು ದಾರಿ

ಮೊದಲನೆಯದು, ಹೊಸದು. ಆದರೆ ಹೊಸ ಪೆಟ್ಟಿಗೆ ಖಾಲಿ ಸ್ಲೇಟಿನಂತೆ. ಆ ಮಾಡೆಲಿನ ಸಾಫ್ಟ್‌ವೇರ್, ಚಾಸಿ ನಂಬರ್, ಪ್ರತಿ ಇಂಜೆಕ್ಟರಿನ ಮೇಲಿರುವ ಕೋಡ್, ಇಮ್ಮೊಬಿಲೈಸರ್ ಇದ್ದರೆ ಅದರ ಹೊಂದಾಣಿಕೆ ಎಲ್ಲವನ್ನೂ ಅದಕ್ಕೆ ಕಲಿಸಬೇಕು.

ಎರಡನೆಯದು, ಗುಜರಿಯಿಂದ ಅದೇ ಪಾರ್ಟ್ ನಂಬರಿನ ಹಳೆಯದನ್ನು ತಂದು, ನಮ್ಮ ಹಳೆಯ ಪೆಟ್ಟಿಗೆಯ ಮೆಮೊರಿಯನ್ನು ಅದಕ್ಕೆ ನಕಲು ಮಾಡುವುದು. ಹಳೆಯದರ ಮೆಮೊರಿ ಚಿಪ್ ಬದುಕಿದ್ದರೆ ಇದು ಸಾಧ್ಯ.

ಮೂರನೆಯದು, ಪೆಟ್ಟಿಗೆ ಬಿಚ್ಚಿ ಕೆಟ್ಟ ಬಿಡಿಭಾಗವನ್ನಷ್ಟೇ ಬದಲಿಸುವುದು. ಮಾಹಿತಿ ಒಳಗೇ ಉಳಿಯುವುದರಿಂದ ಹೊಸದಾಗಿ ಪ್ರೋಗ್ರಾಂ ಹಾಕುವ ಗೋಜಿಲ್ಲ. ನೀರು ನುಗ್ಗಿ ಬೋರ್ಡ್ ಕೊಳೆತಿದ್ದರೆ ಮಾತ್ರ ಕಷ್ಟ.

ಯಾವ ದಾರಿ ಹಿಡಿದರೂ ಒಂದು ಮಾತು ನೆನಪಿರಲಿ: ಕೆಲಸ ಮುಗಿಯುವವರೆಗೆ ಹಳೆಯ ಪೆಟ್ಟಿಗೆಯನ್ನು ಯಾರಿಗೂ ಬಿಟ್ಟುಕೊಡಬಾರದು. ಆ ಲಾರಿಯ ಜಾತಕ ಅದರೊಳಗೇ ಇರುತ್ತದೆ.

ಬೀಗ ಇರುವುದು ಎಲ್ಲಿ?

ಬೋಲ್ಟ್ ಬಿಚ್ಚಿ ಹೊಸ ಪೆಟ್ಟಿಗೆ ಕೂರಿಸುವುದು ಯಾವ ಮೆಕ್ಯಾನಿಕ್‌ಗೂ ದೊಡ್ಡ ಕೆಲಸವಲ್ಲ. ಅದಕ್ಕೆ ಜೀವ ತುಂಬುವ ಸಾಫ್ಟ್‌ವೇರ್, ಪಾಸ್‌ವರ್ಡ್, ಸರ್ವರ್ ಪ್ರವೇಶ ಸಾಮಾನ್ಯವಾಗಿ ಕಂಪನಿ ಮತ್ತು ಅದರ ಅಧಿಕೃತ ಡೀಲರ್ ಕೈಲಿರುತ್ತವೆ. ಹತ್ತಾರು ಲಾರಿ ಇರುವ ದೊಡ್ಡ ಮಾಲೀಕರು ಒಂದು ನಿಂತರೆ ಇನ್ನೊಂದನ್ನು ಓಡಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಲಾರಿ ಕೊಂಡು ತಾನೇ ಓಡಿಸುವ ಡ್ರೈವರ್ ಕಥೆ ಬೇರೆ. ವಾರಂಟಿ ಮುಗಿದಿದೆ, ಲಾರಿ ನಿಂತ ದಿನ ದುಡಿಮೆ ಇಲ್ಲ, ಇಎಂಐ ಮಾತ್ರ ನಿಲ್ಲಲ್ಲ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ ಊರಲ್ಲೇ ಗ್ಯಾರೇಜ್ ಹಾಕಿದ ಹುಡುಗನ ಕೆಲಸವೂ ಈ ಬೀಗದ ಮುಂದೆ ನಿಂತುಹೋಗುತ್ತದೆ.

ಇದು ಹೊಸ ತಕರಾರಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಆಯೋಗದ ತೀರ್ಮಾನ. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಕುರಿತು ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು. ಆ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ಆದರೆ ಪೋರ್ಟಲ್ ಕಾನೂನಲ್ಲ. ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ತಿಳಿಸುವುದೇ ಬೇರೆ, ಇಸಿಎಂಗೆ ಪ್ರೋಗ್ರಾಂ ಹಾಕುವ ಅವಕಾಶ ಕೊಡುವುದೇ ಬೇರೆ.

ಹೊರದೇಶಗಳಲ್ಲಿ ಇದು ಆಗಿದೆ. ಯುರೋಪ್ ಒಕ್ಕೂಟದಲ್ಲಿ 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಕಂಪನಿಗಳು ರಿಪೇರಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಕೊಡಬೇಕು. ಲಾರಿಗಳೂ ಅದರ ವ್ಯಾಪ್ತಿಯಲ್ಲಿವೆ. ಪುಕ್ಕಟೆ ಅಲ್ಲ, ನ್ಯಾಯವಾದ ಶುಲ್ಕಕ್ಕೆ. ಅಮೆರಿಕದಲ್ಲಿ ರಿಪೇರಿಗಾಗಿ ವಾಹನದ ಸಾಫ್ಟ್‌ವೇರ್ ಬೀಗ ತೆರೆಯಲು ಹಕ್ಕುಸ್ವಾಮ್ಯ ಕಾನೂನಿನಲ್ಲಿ ವಿನಾಯಿತಿ ಇದೆ. ಮಾಲೀಕರಿಗಷ್ಟೇ ಇದ್ದ ಅದು 2018ರಲ್ಲಿ ಅವರ ಪರವಾಗಿ ರಿಪೇರಿ ಮಾಡುವವರಿಗೂ ಸಿಕ್ಕಿತು.

ಕಂಪನಿಗಳ ವಾದದಲ್ಲೂ ತೂಕವಿದೆ. ಬೀಗ ತೆಗೆದರೆ ಮಾಲಿನ್ಯ ನಿಯಂತ್ರಣವನ್ನೇ ಆಫ್ ಮಾಡಿಕೊಳ್ಳುತ್ತಾರೆ, ಕದ್ದ ಗಾಡಿಗೆ ಹೊಸ ಇಸಿಎಂ ಹಾಕಿ ಓಡಿಸುತ್ತಾರೆ ಅನ್ನುತ್ತಾರೆ. ಎರಡೂ ನಡೆಯಬಹುದಾದದ್ದೇ. ಆದರೆ ಕಂಪನಿಯ ಮೂಲ ಸಾಫ್ಟ್‌ವೇರನ್ನು ಹಾಗೇ ತುಂಬಿ ಇಂಜೆಕ್ಟರ್ ಕೋಡ್ ಬರೆಯುವುದಕ್ಕೂ, ಆ ಸಾಫ್ಟ್‌ವೇರನ್ನೇ ತಿದ್ದುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಆರ್‌ಸಿ ಪರಿಶೀಲಿಸಿ, ನೋಂದಾಯಿತ ಮೆಕ್ಯಾನಿಕ್‌ಗಳಿಗೆ ಬಿಡಬಹುದು. ಯಾರು, ಯಾವ ಗಾಡಿಗೆ, ಯಾವಾಗ ಹಾಕಿದರು ಅನ್ನುವ ದಾಖಲೆ ಸರ್ವರಿನಲ್ಲೇ ಉಳಿಯುತ್ತದೆ. ಎರಡನೆಯದಕ್ಕೆ ದಂಡ ಹಾಕಿ, ಯಾರು ಬೇಡ ಅಂತಾರೆ?

ಹಾಗೆ ನೋಡಿದರೆ ಬೀಗದಿಂದ ಪರಿಸರಕ್ಕೂ ನಷ್ಟವೇ. ನ್ಯಾಯವಾದ ದಾರಿಯಲ್ಲಿ ರಿಪೇರಿ ಸಿಗದಿದ್ದಾಗಲೇ ಜನ ಕಳ್ಳದಾರಿಯ ಸಾಫ್ಟ್‌ವೇರ್ ಹುಡುಕುವುದು.

ಲಾರಿ ಮಾಲೀಕರ ಮುಷ್ಕರ ಅಂದಕೂಡಲೇ ಡೀಸೆಲ್ ದರ, ಟೋಲ್ ಎರಡೇ ನಮಗೆ ನೆನಪಾಗುವುದು. ಆ ಬೇಡಿಕೆ ಪಟ್ಟಿಗೆ ಮೂರನೆಯದೊಂದು ಸೇರಬೇಕಿದೆ: ವಾರಂಟಿ ಮುಗಿದ ಲಾರಿಯ ರಿಪೇರಿ ಮಾಹಿತಿ ಮತ್ತು ಪ್ರೋಗ್ರಾಮಿಂಗ್ ಅವಕಾಶ, ನಿಗದಿತ ಶುಲ್ಕಕ್ಕೆ, ಕಾನೂನಿನ ಮೂಲಕ. ಇದನ್ನು ಲಾರಿಯವರು ಮಾತ್ರ ಕೇಳಬೇಕು ಅಂತೇನಿಲ್ಲ. ಟ್ರ್ಯಾಕ್ಟರ್ ಇರುವ ರೈತರು, ಮೊಬೈಲ್ ಡಿಸ್‌ಪ್ಲೇ ಬದಲಿಸಿಕೊಳ್ಳುವ ನಾವು ಎಲ್ಲರೂ ಇದೇ ಬೀಗದ ಹೊರಗೆ ನಿಂತವರು.